ಕಂಪ್ಯೂಟರ್ ಏಳುವ ತನಕ

ಮೊನ್ನೆ ಕುಷ್ಟಗಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಹಳೆಯ ಝೆರಾಕ್ಸ್ ಯಂತ್ರ ಮಾರುವವರಿದ್ದರು. ನೋಡಿದೆ, ಗೊಣಗಿದೆ, ಎದ್ದು ಬಾಗಿಲ ತನಕ ಹೋದೆ, ಅವರೇ ಕರೆದರು, ವ್ಯವಹಾರ ಮುಗಿಯಿತು, ಯಂತ್ರವನ್ನು ಆಮೇಲೆ ಗಾಡಿಗೆ ಹಾಕಿ ಕಳಿಸುವ ಮಾತಾಯಿತು. ನೀವೂ ಎಂದಾದರೂ ಹಳೆಯ ಯಂತ್ರ ಕೊಳ್ಳುವುದಿದ್ದರೆ ನನ್ನದೊಂದು ಮಾತು ನೆನಪಿಡಿ: ಬಣ್ಣ ನೋಡಬೇಡಿ, ಚಾಲೂ ಮಾಡಿಸಿ ಕಣ್ಣು ಮುಚ್ಚಿಕೊಂಡು ಸದ್ದು ಕೇಳಿ. ಯಂತ್ರ ಸುಳ್ಳು ಹೇಳುವುದಿಲ್ಲ, ಮಾಲೀಕ ಹೇಳುತ್ತಾನೆ.

ಅದು ಹಾಗಿರಲಿ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಪಕ್ಕದ ಮೇಜಿನವರ ಮೊಬೈಲ್ ಸದ್ದು ಮಾಡಿತು. ಹಾಡಲ್ಲ, ಭಜನೆಯಲ್ಲ. ಹಳೆಯ ವಿಂಡೋಸ್ ಎಕ್ಸ್‌ಪಿ ಎದ್ದು ಕಣ್ಣು ಬಿಡುವಾಗ ಒಂದು ಸ್ವರ ಹೊರಡಿಸುತ್ತಿತ್ತಲ್ಲ, ಅದು. ಅವರು ಫೋನ್ ಎತ್ತಿ "ಬಂದೆ, ಬಂದೆ" ಎಂದು ಎದ್ದು ಹೋದರು. ನನ್ನ ಕೈಯಲ್ಲಿನ ಮಿರ್ಚಿ ಹಾಗೇ ಉಳಿಯಿತು. ಆ ಸ್ವರ ಕೇಳಿದರೆ ನನ್ನ ಮೂಗಿಗೆ ಚಹಾದ ವಾಸನೆ ಬರುತ್ತದೆ. ಎದುರಿಗೆ ಹುಸೇನ್‌ಸಾಬರು ಬಂದು ಕೂರುತ್ತಾರೆ.

ಗಂಗಾವತಿಯಲ್ಲಿ ನನ್ನದೊಂದು ಅಂಗಡಿ. ಅರ್ಜಿ ಟೈಪು ಮಾಡುವುದು, ಲಗ್ನಪತ್ರಿಕೆ, ಝೆರಾಕ್ಸು. ಕೆಳಗೆ ಅಂಗಡಿ, ಮೇಲೆ ನಾನು. ಹೆಂಡತಿ ಹೋದ ಮೇಲೆ ಮೇಲಿನ ಕೋಣೆಯಲ್ಲಿ ಮಾತು ಅಂತ ಏನೂ ಇಲ್ಲ, ಮಕ್ಕಳಾಗಲಿಲ್ಲ. ಪಕ್ಕದ ಮಳಿಗೆಯಲ್ಲಿ ಆಗ ಹುಸೇನ್‌ಸಾಬರ ಟೇಲರಿಂಗ್. ಎಕ್ಸ್‌ಪಿ ಇದ್ದ ನನ್ನ ಕಂಪ್ಯೂಟರನ್ನು ಕೊಪ್ಪಳದಲ್ಲಿ ಒಂದು ಕಚೇರಿ ಖಾಲಿ ಮಾಡುವಾಗ ಹಿಡಿದು ತಂದಿದ್ದೆ. ಅದರ ನಂತರ ವಿಂಡೋಸ್ ಏಳು ಬಂತು, ಎಂಟು ಬಂತು, ಹತ್ತು ಬಂತು. ಯಾವುದಕ್ಕೂ ನಾನು ಜಗ್ಗಲಿಲ್ಲ. ನಡೆಯುವ ಎತ್ತನ್ನು ಮಾರುವವನು ಜಾಣನೇ?

ಆದರೆ ಆ ಎತ್ತು ಏಳುವುದಕ್ಕೆ ಬಲು ಹೊತ್ತು ಹಿಡಿಯುತ್ತಿತ್ತು. ಗುಂಡಿ ಒತ್ತಿದರೆ ಮೊದಲು ಒಳಗಿನ ಪಂಖ ಕೆಮ್ಮುವುದು, ಆಮೇಲೆ ಕಪ್ಪು ಪರದೆಯಲ್ಲಿ ನೀಲಿ ಚುಕ್ಕೆಗಳ ಸಾಲು ಒಂದೇ ಸಮನೆ ಎಡದಿಂದ ಬಲಕ್ಕೆ ಓಡುವುದು. ಗುಂಡಿ ಒತ್ತಿ ನಾನು ಎದುರಿನ ಚಹಾದಂಗಡಿಯ ಹನುಮಕ್ಕನಿಗೆ ಕೈ ಮಾಡುತ್ತಿದ್ದೆ. ಆಕೆಯ ಚಹಾ ಬರುವ ಹೊತ್ತಿಗೆ ಹುಸೇನ್‌ಸಾಬರು ಕೊರಳಲ್ಲಿ ಟೇಪು ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

"ಸಾವ್ಕಾರ್ರ, ಎದ್ದೈತೇನ್ರಿ?"

"ಎಲ್ಲೀದ್ರಿ, ಇನ್ನಾ ಹೊಳ್ಳಿ ಮಲಗಾಕತ್ತೈತಿ."

"ಮಲಗ್ಲಿ ಬಿಡ್ರಿ. ನಿಮ್ಮಂಥಾ ಜುಗ್ಗನ ಕೈಯಾಗ ಸಿಕ್ಕೈತಿ, ಅದಕ್ಕರ ಸ್ವಲ್ಪ ಆರಾಮ ಬ್ಯಾಡೇನು?"

ಹೀಗೆ ಶುರುವಾದದ್ದು ಎಲ್ಲಿಗಾದರೂ ಹೋಗುತ್ತಿತ್ತು. ಅವರ ಮೊಣಕಾಲು, ನನ್ನ ಸಕ್ಕರೆ ಕಾಯಿಲೆ, ಅಳತೆ ಕೊಟ್ಟ ಮೇಲೆ ಹೊಟ್ಟೆ ಬೆಳೆಸಿಕೊಂಡು ಬಂದು ಜಗಳಕ್ಕೆ ನಿಲ್ಲುವ ಗಿರಾಕಿಗಳು. ಕೊನೆಗೆ ಆ ಸ್ವರ ಬಂದು ಪರದೆಯ ಮೇಲೆ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ ಮೂಡಿದರೆ ಮತ್ತೊಂದು ಸುತ್ತು. ಆ ಗುಡ್ಡದ ಬಗ್ಗೆ ಹುಸೇನ್‌ಸಾಬರಿಗೆ ಮೊದಲಿನಿಂದಲೂ ತಕರಾರು.

"ಇದೆಂಥಾ ಗುಡ್ಡರೀ? ಗುಡ್ಡಂದ್ರ ಬಂಡಿಗಲ್ಲು ಇರಬೇಕು. ಇದು ಹೊಲಿಗಿ ಬಿಚ್ಚಿದ ಹಸರು ಶಾಲ್ ಇದ್ದಂಗೈತಿ."

ಒಮ್ಮೆ ಅರ್ಜಿ ಬರೆಸಲು ಬಂದಿದ್ದ ನವಲಿಯ ರೈತರೊಬ್ಬರು ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಇಷ್ಟ ಹಸರ ಐತಿ, ಕಾಲುವಿ ಎಲ್ಲೈತ್ರಿ?" ಎಂದು ಕೇಳಿದ್ದರು. ನಾವಿಬ್ಬರೂ ಆ ಕಾಲುವೆಯನ್ನು ವರ್ಷಗಟ್ಟಲೆ ಹುಡುಕಿದೆವು. ಗುಡ್ಡದ ಹಿಂದೆ ಇರಬೇಕು ಎಂದು ನಾನು, ಮೇಲಿನ ಊರಿನವರು ನೀರು ಬಿಟ್ಟಿಲ್ಲ ಎಂದು ಅವರು.

ಆಮೇಲೆ ಕಾಲ ಬದಲಾಯಿತು. ಟೈಪು ಮಾಡಿದ ಅರ್ಜಿ ಯಾರಿಗೂ ಬೇಡವಾಯಿತು, ಎಲ್ಲವೂ ಆನ್‌ಲೈನ್. ಆ ಜಾಲತಾಣಗಳು ನನ್ನ ಎಕ್ಸ್‌ಪಿಯಲ್ಲಿ ತೆರೆಯಲು ಒಪ್ಪಲೇ ಇಲ್ಲ. ಕಡೆಗೆ ಹೊಸ ಕಂಪ್ಯೂಟರ್ ತಂದೆ, ವಿಂಡೋಸ್ ಹನ್ನೊಂದು. ಅಂಗಡಿಯವನನ್ನು ಅರ್ಧ ದಿನ ಕಾಡಿಸಿ ಮೌಸು, ಕೀಬೋರ್ಡು, ಮೇಲೊಂದು ಹೊದಿಕೆಯನ್ನೂ ಬಿಟ್ಟಿ ಹಾಕಿಸಿಕೊಂಡೆ. ಹೊದಿಕೆ ಕೇಳಲು ಮರೆಯಬೇಡಿ, ಕೇಳದಿದ್ದರೆ ಕೊಡುವುದಿಲ್ಲ.

ಹೊಸದರ ಬಗ್ಗೆ ನಾನು ಸುಳ್ಳು ಹೇಳಲಾರೆ. ಅದು ಛಲೋ ಐತಿ. ನಡುವೆ ಸಿಕ್ಕಿಕೊಂಡು ನಿಲ್ಲುವುದಿಲ್ಲ, ನೀಲಿ ಪರದೆ ತೋರಿಸಿ ಹೆದರಿಸುವುದಿಲ್ಲ, ಬರೆದದ್ದನ್ನು ಉಳಿಸದೆ ಸಾಯುವುದಿಲ್ಲ. ಕನ್ನಡ ಎಲ್ಲಿ ಬೇಕಾದರೂ ಮೂಡುತ್ತದೆ. ಹಳೆಯದರಲ್ಲಿ ಅಕ್ಷರದ ತಂತ್ರಾಂಶ ಇಲ್ಲದಿದ್ದರೆ ಇಡೀ ಲಗ್ನಪತ್ರಿಕೆ ಇರುವೆ ಹರಿದಾಡಿದಂತೆ ಕಾಣುತ್ತಿತ್ತು. ಪರದೆಯ ಮೇಲಿನ 'ಸ್ಟಾರ್ಟ್' ಗುಂಡಿಯನ್ನು ಎಡಮೂಲೆಯಿಂದ ಎತ್ತಿ ನಡುವೆ ಇಟ್ಟಿದ್ದಾರೆ, ಅದೊಂದು ಯಾಕೋ ತಿಳಿಯದು. ನನ್ನ ಕೈ ಈಗಲೂ ಮೂಲೆಗೇ ಹೋಗುತ್ತದೆ. ಚಿತ್ರ ಮಾತ್ರ ಒಂದೇ ಇರುವುದಿಲ್ಲ. ಇವತ್ತು ಸಮುದ್ರ, ನಾಳೆ ಹಿಮ, ನಾಡಿದ್ದು ಯಾವುದೋ ದೇಶದ ಸೇತುವೆ. ಯಾವುದಕ್ಕೂ ತಕರಾರು ತೆಗೆಯುವಷ್ಟು ಪರಿಚಯವಾಗುವುದಿಲ್ಲ. ಮತ್ತೆ ವೇಗ! ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಎದ್ದು ಕೂತಿರುತ್ತದೆ. ನನ್ನ ಮುಖ ನೋಡಿ, ಹೆಸರು ಬರೆದು ಸ್ವಾಗತ ಬೇರೆ ಹೇಳುತ್ತದೆ.

ಮೊದಲ ದಿನ ಹುಸೇನ್‌ಸಾಬರು ಬಂದಾಗ ನಾನು ಆಗಲೇ ಕೆಲಸ ಹಚ್ಚಿದ್ದೆ.

"ಆಗಲೇ ಎದ್ದೈತೇನ್ರಿ ಇದು?"

"ಹೂಂ ನೋಡ್ರಿ! ಚಿಟಿಕಿ ಹೊಡಿಯೂದ್ರಾಗ!" ಎಂದೆ, ಕಂಪ್ಯೂಟರನ್ನು ನಾನೇ ಹೆತ್ತವನಂತೆ.

"ಭಾಳ ಛಲೋ ಆತು. ನಡೀಲಿ, ನಡೀಲಿ ನಿಮ್ ಕೆಲಸ," ಎಂದು ನಿಂತೇ ಚಹಾ ಕುಡಿದು ಹೋದರು.

ನಮ್ಮ ಬಜಾರಿನಲ್ಲಿ ಒಂದು ರೀತಿ ಇದೆ. ಯಾರೂ ಬರೆದಿಟ್ಟದ್ದಲ್ಲ. ಕೆಲಸ ಶುರುವಾದವನ ಮುಂದೆ ಹೋಗಿ ಕೂರುವುದಿಲ್ಲ. ಗಿರಾಕಿ ಇಲ್ಲದವನ, ಕರೆಂಟು ಹೋದವನ, ಏನಾದರೂ ಕಾಯುತ್ತಿರುವವನ ಹತ್ತಿರ ಎಷ್ಟು ಹೊತ್ತಾದರೂ ಕೂರಬಹುದು. ಕೈ ಆಡುತ್ತಿದ್ದರೆ ಅವನ ಅನ್ನಕ್ಕೆ ಅಡ್ಡ ಬಂದಂತೆ. ಈ ರೀತಿ ನನಗೂ ಗೊತ್ತು. ಆದರೂ ಹುಸೇನ್‌ಸಾಬರು ಬರುವುದು ಕಡಿಮೆಯಾಗಿ, ಆಮೇಲೆ ನಿಂತೇ ಹೋದಾಗ, ನನಗೆ ಅದು ಹೊಳೆಯಲಿಲ್ಲ. ನಾನು ವ್ಯಾಪಾರದ ಮನುಷ್ಯ. ಎದುರಿನವನು ಸುಮ್ಮನಾದರೆ ಏನೋ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ ಎಂದೇ ನನ್ನ ಲೆಕ್ಕ. ಏನೋ ಬೇಸರವಿರಬೇಕು, ಹೇಳಲಿ, ಎಂದು ನಾನೂ ಸುಮ್ಮನಾದೆ. ಚೌಕಾಶಿಯಲ್ಲಿ ಮೊದಲು ಬಾಯಿ ಬಿಟ್ಟವನೇ ಸೋಲುವುದು. ನೂರು ಜನಕ್ಕೆ ಈ ಬುದ್ಧಿ ಹೇಳಿಕೊಟ್ಟವನು ನಾನು.

ಅಂಗಡಿಯಲ್ಲಿ ಜನ ಹೆಚ್ಚಿದರು. ಅವರ ಜೊತೆ ನನ್ನ ಮಾತು ಇಷ್ಟೇ: ಆಧಾರ್ ಕೊಡ್ರಿ, ಬೆರಳು ಇಡ್ರಿ, ಒತ್ತಿ ಇಡ್ರಿ, ಓಟಿಪಿ ಬಂತೇನ್ರಿ. ಬೆಂಚಿನ ಮೇಲೆ ಕೂತವರೆಲ್ಲ ತಮ್ಮ ಫೋನು ನೋಡುತ್ತಿದ್ದರು. ದಿನವಿಡೀ ಅಷ್ಟು ಮಂದಿಯ ಬೆರಳು ಹಿಡಿದು, ಒಬ್ಬರ ಮೊಣಕಾಲು ಹೇಗಿದೆ ಎಂದೂ ಕೇಳದೆ ಮೇಲೆ ಹತ್ತಿ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಪರದೆಯ ಮೇಲೆ ನನ್ನ ಹೆಸರು ಮೂಡಿದಾಗ ಅನ್ನಿಸಿತು, ಈಗ ನನ್ನನ್ನು ಹೆಸರು ಹಿಡಿದು ಕರೆಯುವುದು ಇದೊಂದೇ.

ಒಂದು ದಿನ ಬಾಗಿಲಲ್ಲಿ ಹುಸೇನ್‌ಸಾಬರು ಬಂದು ನಿಂತರು. ಗಿರಾಕಿಗಳು ತುಂಬಿದ್ದರು, ನಾನು ಒಬ್ಬ ಮುದುಕಿಯ ಸವೆದ ಹೆಬ್ಬೆರಳಿನೊಂದಿಗೆ ಒದ್ದಾಡುತ್ತಿದ್ದೆ. ಅವರು ಸಲಾಮಿಗೆ ಹಣೆಗೆ ಕೈ ಒಯ್ದರು. ನಾನೂ ಕೈ ಎತ್ತಿದೆ. ಸಂಜೆ ನೋಡಿದರೆ ಪಕ್ಕದ ಶೆಟರಿಗೆ ಹೊಸ ಬೀಗ.

"ಎಲ್ಲಿ ಹೋಗ್ಯಾರ?" ಎಂದು ಹನುಮಕ್ಕನನ್ನು ಕೇಳಿದೆ.

"ಅಯ್ಯ, ನಿಮಗ ಹೇಳಿಲ್ಲೇನ್ರಿ? ಗಿಣಿಗೇರಿಗೆ, ಮಗಳ ಮನಿಗೆ. ಅಳಿಯ ಫ್ಯಾಕ್ಟರಿಯಾಗ ಅದಾನಲ್ಲ. ಇಲ್ಲಿ ಹೊಲಿಸವ್ರ ಯಾರ ಅದಾರೀಗ?"

"ನನ್ ಮ್ಯಾಲ ಸಿಟ್ಟಿತ್ತೇನವಾ ಅವ್ರಿಗೆ?"

ಹನುಮಕ್ಕ ಗ್ಲಾಸು ತೊಳೆಯುವುದನ್ನು ಬಿಟ್ಟು ನನ್ನನ್ನು ನೋಡಿದಳು. "ಸಿಟ್ಟ್ಯಾಕ್ರಿ? ನಿಮ್ಮ ದಂಧೆ ಜೋರ ಆಗೇತಿ ಅಂತ ಖುಷಿ ಪಡ್ತಿದ್ರು. 'ನಡುವ ನಾ ಹೋಗಿ ಯಾಕ ಕುಂದರ್ಲಿ, ಮನುಷ್ಯಾ ದುಡ್ಕೋತ ಅದಾನ' ಅಂತಿದ್ರು. ದಿನಾ ಇಲ್ಲೇ ನಿಂತು ನಿಮ್ಮ ಕಡೆ ನೋಡ್ಕೋತನ ಚಾ ಕುಡೀತಿದ್ರು."

ಈಗ ಆ ಮಳಿಗೆಯಲ್ಲಿ ಮೊಬೈಲ್ ರಿಪೇರಿಯವರಿದ್ದಾರೆ. ನಾನು ಗಿಣಿಗೇರಿಗೆ ಹೋಗಲಿಲ್ಲ. ಇವತ್ತು, ನಾಳೆ ಎಂದೆ. ಹೋಗಿ ಏನು ಹೇಳುವುದು ಎಂಬುದೇ ತಿಳಿಯಲಿಲ್ಲ. ಕೊಡುವುದಕ್ಕಿಲ್ಲ, ಕೊಳ್ಳುವುದಕ್ಕಿಲ್ಲ, ಅಂಥ ಕಡೆ ಹೋಗಿ ನನಗೆ ರೂಢಿಯಿಲ್ಲ.

ಕುಷ್ಟಗಿಯ ಹೋಟೆಲಿನಲ್ಲಿ ಆ ಫೋನು ಸದ್ದು ಮಾಡಿದ್ದು ಹೀಗೆ ನನ್ನನ್ನು ಎಬ್ಬಿಸಿತು. ಹೊರಗೆ ತಾವರಗೇರಾ ಮೇಲೆ ಗಂಗಾವತಿಗೆ ಹೋಗುವ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ನಾನು ಅದನ್ನು ಬಿಟ್ಟು ಕೊಪ್ಪಳದ ಬಸ್ಸು ಹತ್ತಿದೆ. ಕೊಪ್ಪಳದಿಂದ ಗಿಣಿಗೇರಿ ಎಷ್ಟು ದೂರ?

ಕಾರ್ಖಾನೆಯ ಧೂಳು ಕೂತು ಬೇವಿನ ಎಲೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದ ಓಣಿ. ಟೇಲರ್ ಸಾಹೇಬರ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಅಂಗಳದಲ್ಲಿ ಬಟ್ಟೆ ಹಾಕುತ್ತಿದ್ದ ಮಗಳು, "ಕಾಕಾ, ಬರ್ರಿ ಬರ್ರಿ! ಅಬ್ಬಾ ಒಳಗ ಅದಾರ," ಎಂದಳು. ಒಳಗಿನಿಂದ ಮಷಿನ್ನಿನ ಸದ್ದು ಕೇಳುತ್ತಿತ್ತು, ಒಂದೇ ಲಯದಲ್ಲಿ. ಹೊಸ್ತಿಲ ಹತ್ತಿರ ನನ್ನ ಕಾಲು ತಾನಾಗಿ ನಿಂತಿತು. ಹುಸೇನ್‌ಸಾಬರು ಬೆನ್ನು ಬಾಗಿಸಿ ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಪಕ್ಕದಲ್ಲಿ ಕತ್ತರಿಸಿಟ್ಟ ಬಟ್ಟೆ ಮೊಣಕಾಲೆತ್ತರ ಬಿದ್ದಿತ್ತು.

"ಕೆಲಸ ನಡದೈತೇನ್ರಿ, ಸಾಹೇಬ್ರ? ಆಮ್ಯಾಲ ಬರ್ಲ್ಯಾ?" ಎಂದೆ. ಮೊದಲು ಬಾಯಿ ಬಿಟ್ಟವನು ನಾನೇ.

ಅವರು ತಲೆ ಎತ್ತಿ ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಕಾಲು ಪೆಡಲಿನ ಮೇಲಿಂದ ಕೆಳಗಿಳಿಯಿತು, ಗಾಲಿ ನಿಧಾನವಾಗಿ ತಿರುಗಿ ನಿಂತಿತು.

"ಎಲ್ಲೀ ಕೆಲಸರೀ, ಸಾವ್ಕಾರ್ರ," ಎಂದರು, "ಈಗರ ದಾರ ಹರೀತು. ಪೋಣಸಾಕ ಭಾಳ ಹೊತ್ತ ಹಿಡೀತೈತಿ, ಕಣ್ಣ ಕಾಣಂಗಿಲ್ಲ. ಬರ್ರಿ, ಕುಂದರ್ರಿ."

ನಾನು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ದಾರ ರೀಲಿನಿಂದ ಸೂಜಿಯ ತನಕ, ಸೂಜಿಯಿಂದ ಬಟ್ಟೆಯ ತನಕ ಎಲ್ಲೂ ಹರಿಯದೆ ಬಿಗಿಯಾಗಿ ನಿಂತಿತ್ತು.

"ಅವಸರ ಏನೈತ್ರಿ," ಎಂದೆ. "ನಿಧಾನಕ್ಕ ಪೋಣಸ್ರಿ."