ಬಾವಿಗೆ ಬಿಟ್ಟ ಗುಳಿಗೆಗಳು

ಕಮಲಾಪುರದ ಸರಸ್ವತೀಬಾಯಿಯ ಮಡಿ ಅಂದರೆ ಅಬ್ಬಬ್ಬಾ, ಕಾಗೆ ತಾಕಿದರೂ ಮತ್ತೆ ಸ್ನಾನ! ಆಕೆಯ ಹಿತ್ತಲ ಬಾವಿಯ ನೀರು ಓಣಿಗೆಲ್ಲ ಬೇಕು, ಹಗ್ಗ ಮುಟ್ಟುವವಳು ಮಾತ್ರ ಆಕೆಯೊಬ್ಬಳೇ. ಕೂಲಿ ಮಾಡುವ ಹಣಮಮ್ಮ ದೂರದಲ್ಲಿ ಕೊಡ ಇಟ್ಟು ನಿಲ್ಲಬೇಕು, ಈಕೆ ಮೇಲಿನಿಂದ ಸುರಿಯಬೇಕು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತಿದು, ಅಜ್ಜನ ಕಾಲದ್ದಲ್ಲ.

ಆಕೆಗೆ ಇನ್ನೊಂದು ನೇಮವಿತ್ತು. ಔಷಧಿ ಎಂದರೆ ಗಂಗಾಜಲ, ಯಾರ ಕಾಲಿಗೂ ತಾಕಬಾರದು. ಕಲಬುರಗಿಯ ಸೇಡಂ ರಸ್ತೆಯ ದವಾಖಾನೆಯಿಂದ ಗುಳಿಗೆ ತರುವಳು, ಜ್ವರ ಇಳಿದ ಮರುದಿನವೇ ನಿಲ್ಲಿಸುವಳು. ಉಳಿದದ್ದನ್ನು ದೇವರ ನಿರ್ಮಾಲ್ಯದಂತೆ ಕೈಮುಗಿದು ಬಾವಿಗೆ ಬಿಡುವಳು. ತೀರಿಹೋದ ಗಂಡನ ಗುಳಿಗೆಗಳೂ ಅಲ್ಲಿಗೇ ಹೋಗಿದ್ದವು.

ಒಂದು ಬೇಸಿಗೆಯಲ್ಲಿ ಬಾವಿ ಬತ್ತಿತು. ಹೂಳು ತೆಗೆಯಲು ಇಳಿದವನು ಹಣಮಮ್ಮನ ಗಂಡ ಯಂಕಪ್ಪ. ಕೆಸರು ಎತ್ತುವಾಗ ಮಡಿ ಅಡ್ಡ ಬರುವುದಿಲ್ಲ, ನೋಡಿ! ಬುಟ್ಟಿ ಬುಟ್ಟಿ ಕೆಸರಿನ ಜೊತೆ ಗುಳಿಗೆಯ ಪಟ್ಟಿಗಳು ಮೇಲೆ ಬಂದವು.

ಅಂದು ಊರಿಗೆ ಬಂದಿದ್ದ ಸರಸ್ವತೀಬಾಯಿಯ ತಮ್ಮನ ಮಗ, ಡಾಕ್ಟರ್ ಪ್ರಹ್ಲಾದ, ಗಾಬರಿಯಾದ.

"ಯಾರು ಹಾಕ್ಯಾರ ಇದನ್ನ? ಈ ಔಷಧ ನೀರಾಗ ಕರಗಿದ್ರ ರೋಗದ ಹುಳಕ್ಕ ಅದು ರೂಢಿ ಆಗ್ತದ. ಆಮ್ಯಾಲ ಗುಳಿಗಿ ನುಂಗಿದ್ರೂ ಹುಳ ಸಾಯಂಗಿಲ್ಲ. ಕೆಸರು ಹಳ್ಳಕ್ಕ ಬಿಡಬ್ಯಾಡ್ರಿ. ಗುಳಿಗಿ ಆರಿಸಿಕೊಡ್ರಿ, ದವಾಖಾನಿ ಭಟ್ಟಿಯೊಳಗ ಸುಡಿಸ್ತೀನಿ."

ಪಕ್ಕದ ಮನೆಯ ಪಾರ್ವತೀಬಾಯಿ ಮೂಗು ಮುರಿದಳು. "ಇನ್ಯಾರು? ಹಣಮಮ್ಮನ ಕಡೀ ಮಂದೀನೇ ಇರಬೇಕು."

ಬಾವಿಯ ಕಟ್ಟೆಯನ್ನೇ ಮುಟ್ಟದ ಹಣಮಮ್ಮ ಏನು ಹಾಕಿಯಾಳು? ಸರಸ್ವತೀಬಾಯಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾಚಿಕೆಯಿಂದ ಆಕೆಯ ಮೈಯೆಲ್ಲ ಹಿಡಿಯಾಯಿತು.

"ಹಾಕಿದಾಕಿ ನಾನು," ಎಂದಳು.

ಸೆರಗು ಸಿಕ್ಕಿಸಿ ಕೆಸರಿನ ಗುಡ್ಡೆಯ ಮುಂದೆ ಕೂತೇಬಿಟ್ಟಳು.

"ಬಿಡ್ರಿ ಬಾಯಾರ, ನಾ ಆರಸ್ತೀನಿ. ನಿಮಗ ಮೈಲಿಗಿ ಆಗ್ತದ," ಎಂದಳು ಹಣಮಮ್ಮ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಬ್ಯಾಡವ್ವಾ. ಮೈಲಿಗಿ ಮಾಡಿದಾಕಿ ನಾನ."

ಬಿಸಿಲು ನೆತ್ತಿಗೇರಿತು. ಗಂಟಲು ಒಣಗಿತು, ಮನೆಯಲ್ಲಿ ಹನಿ ನೀರಿಲ್ಲ. ಹಣಮಮ್ಮನ ಬಳಿ ಬೋರಿನಿಂದ ತಂದ ಕೊಡವಿತ್ತು.

"ಹಣಮವ್ವಾ, ಒಂದೀಟು ನೀರು ಕೊಡ್ತೀಯೇನು?"

ಹಣಮಮ್ಮ ತಂಬಿಗೆ ತುಂಬಿಕೊಂಡು ಬಂದಳು. ರೂಢಿಯಂತೆ ತುಸು ದೂರದಲ್ಲೇ ನಿಂತು ಮೇಲಿನಿಂದ ಸುರಿದಳು. ಸರಸ್ವತೀಬಾಯಿ ಕೆಸರು ತೊಳೆದುಕೊಂಡು, ಬೊಗಸೆಯೊಡ್ಡಿ, ತಲೆ ಬಗ್ಗಿಸಿ ಕುಡಿದಳು. ಕುಡಿದು ಮುಗಿದ ಮೇಲೂ ತಲೆ ಎತ್ತಲಿಲ್ಲ.