ಜೆಪ್ಪುವಿನ ಮೋನಿಕಳ ಕಾರ್ಡು

ಸ್ಟೆಲ್ಲಾ, ನಿನ್ನ ಅಮ್ಮನ ಕೆಲಸ ಹೋದದ್ದು ನನ್ನಿಂದ. ಆಫ್ರಿಕದಿಂದ ಗೇರುಬೀಜ ತರುವ ಹಡಗು ಬಾರದೆ ಹೋಯಿತು, ಅದಕ್ಕೇ ಹೋಯಿತು ಎಂದು ನೀವು ಇಷ್ಟು ವರ್ಷ ನಂಬಿದ್ದೀರಿ. ಹಡಗು ಬರಲಿಲ್ಲ, ನಿಜ. ಆದರೆ ಮನೆಗೆ ಕಳುಹಿಸಿದವರ ಪಟ್ಟಿಯಲ್ಲಿ ಮೋನಿಕ ಬಾಯಮ್ಮನ ಹೆಸರು ಇರಬೇಕಾಗಿರಲಿಲ್ಲ. ಅದು ನನಗೆ ಆ ದಿನವೇ ಗೊತ್ತಾಗಿತ್ತು — ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡೆ.

ಅರವತ್ತರ ದಶಕದ ನಡುವಿನ ಮಾತು. ನಮ್ಮ ಗೇರುಬೀಜದ ಕಾರ್ಖಾನೆಗೆ ಬೊಂಬಾಯಿಯಿಂದ ಹೊಸ ಮ್ಯಾನೇಜರು ಬಂದರು. ಅಲ್ಲಿ ಅವರು ಕಂಪ್ಯೂಟರ್ ಎಂಬ ಯಂತ್ರವನ್ನು ಕಣ್ಣಾರೆ ಕಂಡಿದ್ದರಂತೆ. ಒಂದು ದೊಡ್ಡ ಕೋಣೆ ತುಂಬ ಕೂತಿರುತ್ತದಂತೆ. ಅದನ್ನು ತರುವ ತಾಕತ್ತು ನಮ್ಮ ಕಂಪೆನಿಗೆಲ್ಲಿಂದ? ಅದಕ್ಕೆ ಅವರು ಅದರ ಬಡ ತಮ್ಮನನ್ನು ಒಂದು ಪೆಟ್ಟಿಗೆಯಲ್ಲಿ ತಂದಿದ್ದರು: ಅಂಚಿನ ಸುತ್ತ ತೂತುಗಳಿದ್ದ ದಪ್ಪ ಕಾರ್ಡುಗಳು, ಕಚ್ಚು ಹಾಕಲು ಒಂದು ಇಕ್ಕುಳ, ಒಂದು ಉದ್ದದ ಸೂಜಿ. ಕೆಲಸದ ಹೆಂಗಸರಿಗೆ ತಲೆಗೊಂದು ಕಾರ್ಡು, ಕಾರ್ಡಿಗೊಂದು ನಂಬ್ರ. ಐದು ವರ್ಷಕ್ಕಿಂತ ಕಡಿಮೆ ದುಡಿದವಳಾದರೆ ಮೇಲಂಚಿನ ಮೂರನೆಯ ತೂತನ್ನು ಅಂಚಿನವರೆಗೆ ಕತ್ತರಿಸಬೇಕು. ಆಮೇಲೆ ಇಡೀ ಕಟ್ಟಿನ ಆ ತೂತಿಗೆ ಸೂಜಿ ತೂರಿಸಿ ಎತ್ತಿ ಅಲುಗಿಸಿದರೆ, ಕತ್ತರಿಸಿದ ಕಾರ್ಡುಗಳು ಮಾತ್ರ ಉದುರುತ್ತವೆ. ಒಮ್ಮೆ ಹಾಕಿದ ಕಚ್ಚನ್ನು ಮುಚ್ಚಲು ಬರುವುದಿಲ್ಲ.

ಟೈಪಿಂಗ್ ಬರುತ್ತದೆಂದು ಈ ಹೊಸ ಕೆಲಸಕ್ಕೆ ನನ್ನನ್ನು ಆರಿಸಿದರು. ಇಪ್ಪತ್ತೆರಡು ವರ್ಷ — ನನ್ನ ಕಾಲು ನೆಲದ ಮೇಲಿರಲಿಲ್ಲ. ಹಾಜರಿ ಪುಸ್ತಕ ನೋಡಿಕೊಳ್ಳುತ್ತಿದ್ದ ಹಳೆಯ ಗುಮಾಸ್ತ ರಾಮಪ್ಪಣ್ಣನಿಗೆ ಕಾರ್ಖಾನೆಯ ಐನೂರು ಹೆಂಗಸರಲ್ಲಿ ಒಬ್ಬೊಬ್ಬರ ಮುಖವೂ ಗೊತ್ತು. ಅವರ ಪುಸ್ತಕದಲ್ಲಿ ಹೆಸರಿನ ಮುಂದೆ ಊರಿರುತ್ತಿತ್ತು: ಜೆಪ್ಪುವಿನ ಮೋನಿಕ, ಬೋಳಾರದ ಮೋನಿಕ. ಇಬ್ಬರೂ ಡಿಸೋಜರೇ.

“ಕಾರ್ಡಿನಲ್ಲಿಯೂ ಊರು ಬರಿ ಮಾರಾಯ,” ಎಂದರು ಅವರು. “ನಮ್ಮಲ್ಲಿ ಮೋನಿಕ ಎಷ್ಟು ಜನ ಉಂಟು, ಲಿಲ್ಲಿ ಎಷ್ಟು ಜನ ಉಂಟು, ನಿನಗೆ ಗೊತ್ತುಂಟಾ?”

“ನಂಬ್ರ ಉಂಟಲ್ಲ ರಾಮಪ್ಪಣ್ಣ. ಇನ್ನು ಊರು ಕಟ್ಟಿಕೊಂಡು ಎಂತ ಮಾಡುದು?” ಎಂದು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಪೆಟ್ಟಿಗೆ ಬಂದು ತಿಂಗಳಾಗಿರಲಿಲ್ಲ, ಹಡಗು ಬಾರದ ಸುದ್ದಿ ಬಂತು. ಬೀಜವಿಲ್ಲದೆ ಅಷ್ಟು ಜನರಿಗೆ ಕೆಲಸವೆಲ್ಲಿ? ಐದು ವರ್ಷ ತುಂಬದವರು ಮನೆಗೆ ಹೋಗಲಿ ಎಂದಾಯಿತು. ಹೊಸ ಪದ್ಧತಿಯ ಮೊದಲ ಪರೀಕ್ಷೆ ಅದೇ. ಆಫೀಸಿನ ಎಲ್ಲರೂ ಸುತ್ತ ನಿಂತಿದ್ದರು. ನಾನು ಸೂಜಿ ತೂರಿಸಿ ಎತ್ತಿದೆ, ಅಲುಗಿಸಿದೆ. ಕಾರ್ಡುಗಳು ಮೇಜಿನ ಮೇಲೆ ಉದುರಿದವು. ಮ್ಯಾನೇಜರು ಕೈ ತಟ್ಟಿದರು, ನನ್ನ ಬೆನ್ನನ್ನೂ ತಟ್ಟಿದರು. ಮನುಷ್ಯರ ಅನ್ನ ಉದುರುತ್ತಿದೆ ಎಂದು ಒಂದು ಕ್ಷಣವೂ ನನಗೆ ಹೊಳೆಯಲಿಲ್ಲ — ಹಬ್ಬದಂತಿತ್ತು ನನಗೆ.

ಮಧ್ಯಾಹ್ನ ನಿನ್ನ ಅಮ್ಮ ಬಂದರು.

“ಎಂತ ಮಗಾ, ನನ್ನ ಕಾರ್ಡು ಹೇಗೆ ಬಿತ್ತು? ನಮ್ಮ ಇಗರ್ಜಿಯ ಮೊಂತಿ ಹಬ್ಬದ ಮರುವಾರ ನಾನು ಇಲ್ಲಿಗೆ ಸೇರಿದ್ದು. ಹನ್ನೊಂದು ಹಬ್ಬ ಆಯ್ತು. ನನ್ನ ಸ್ಟೆಲ್ಲಾ ನರ್ಸಿಂಗಿಗೆ ಸೇರಿ ನಾಲ್ಕು ತಿಂಗಳು ಆದದ್ದಷ್ಟೆ… ಈ ಕೈ ನೋಡು, ಐದು ವರ್ಷ ತುಂಬದೆ ಹೀಗೆ ಆಗ್ತದಾ?”

ಎರಡು ಕೈಗಳನ್ನೂ ನನ್ನ ಮೇಜಿನ ಮೇಲೆ ಚಾಚಿದರು. ಬೀಜದ ಸಿಪ್ಪೆಯ ಎಣ್ಣೆ ತಿಂದ ಬೆರಳುಗಳು. ಉಗುರಿನ ಬುಡದವರೆಗೂ ಕಪ್ಪು, ತುದಿಯ ಚರ್ಮ ಬಿರಿದು ಗಟ್ಟಿಯಾಗಿತ್ತು. ಹಾಜರಿ ಪುಸ್ತಕ ನನ್ನ ಕಾಲ ಬುಡದಲ್ಲೇ ಇತ್ತು. ಬಗ್ಗಿ ತೆರೆದೆ. ಒಂದು ಪುಟದಲ್ಲಿ ಜೆಪ್ಪು, ಹನ್ನೊಂದು ವರ್ಷ. ಮರುಪುಟದಲ್ಲಿ ಬೋಳಾರ, ಎರಡು ವರ್ಷ. ಒಬ್ಬಳ ನಂಬ್ರಕ್ಕೆ ಇನ್ನೊಬ್ಬಳ ವರ್ಷಗಳನ್ನು ಬರೆದು ಕಚ್ಚು ಹಾಕಿದ್ದೆ.

ಆಗ ಹೇಳಬಹುದಿತ್ತು. ಮ್ಯಾನೇಜರು ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಬೆಳಿಗ್ಗೆ ತಟ್ಟಿದ ಬೆನ್ನು ಇನ್ನೂ ಬೆಚ್ಚಗಿತ್ತು ನನಗೆ — ಪುಸ್ತಕ ಮುಚ್ಚಿದೆ.

“ಕಾರ್ಡು ಬಿದ್ದಾಯ್ತಲ್ಲ ಬಾಯಮ್ಮ. ಕಾರ್ಡು ಸುಳ್ಳು ಹೇಳುದಿಲ್ಲ.”

ಇದೇ ಮಾತು. ನಾನೇ ಆಡಿದ್ದು.

ರಾಮಪ್ಪಣ್ಣ ಸುಮ್ಮನಿರಲಿಲ್ಲ. ಜೆಪ್ಪುವಿನವಳು ಹಳಬಳು, ಪುಸ್ತಕ ತೆಗೆದು ನೋಡಿ ಎಂದು ಮ್ಯಾನೇಜರ ಎದುರೇ ಹೇಳಿದರು. ಹಳೆಯ ಪುಸ್ತಕಗಳೆಲ್ಲ ಬಂದರಿನ ಗೋದಾಮಿಗೆ ಹೋಗಿಯಾಗಿದೆ ಎಂದೆ. ಕಳುಹಿಸುವ ಮೊದಲು ನಾನೇ ನೋಡಿದ್ದೇನೆ, ಕಾರ್ಡು ಸರಿ ಎಂದೂ ಸೇರಿಸಿದೆ. ಪುಸ್ತಕ ನನ್ನ ಚಪ್ಪಲಿಗೆ ತಾಗಿಕೊಂಡಿತ್ತು. ರಾಮಪ್ಪಣ್ಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, “ಹಾಗಾದರೆ ನನಗೇ ಮರೆತಿರಬೇಕು,” ಎಂದರು. ಅಂದಿನಿಂದ ಅವರು ಹೆಂಗಸರನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು, ನಂಬ್ರ ಕೇಳುತ್ತಿದ್ದರು.

ಹಡಗು ಬಂದ ಮೇಲೆ ಮತ್ತೆ ಕರೆಯುತ್ತೇವೆ ಎಂದಿದ್ದರು. ಹಡಗು ಬಂತು, ಕರೆದದ್ದು ಎಳೆಯರನ್ನು. ಆ ಸಾಲಿನಲ್ಲಿ ನೀನು ನಿಂತಿದ್ದೆ ಸ್ಟೆಲ್ಲಾ. ತಾಯಿಯ ಹೆಸರು ಕೇಳಿದೆ, ನೀನು ಹೇಳಿದೆ. ನರ್ಸಿಂಗ್ ಎಂತ ಆಯ್ತು ಎಂದು ಕೇಳುವ ಧೈರ್ಯವಾಗಲಿಲ್ಲ. ನಿನ್ನ ಕಾರ್ಡು ಬರೆದೆ. ಊರು ಜೆಪ್ಪು ಎಂದು ಈ ಸಲ ಮರೆಯದೆ ಬರೆದೆ. ಮೂರನೆಯ ತೂತಿಗೆ ಕಚ್ಚು ಹಾಕಿದೆ. ಈ ಸಲ ಎಲ್ಲವೂ ಸರಿಯಾಗಿತ್ತು. ವರ್ಷ ತಿರುಗುವಷ್ಟರಲ್ಲಿ ನಿನ್ನ ಬೆರಳೂ ಕಪ್ಪಾಯಿತು. ದಿನವೂ ಗೇಟಿನಲ್ಲಿ ಅದನ್ನು ನೋಡಿದೆ, ದಿನವೂ ನಾಳೆ ಹೇಳೋಣ ಎಂದುಕೊಂಡೆ.

ಮೊನ್ನೆ ಬಾಯಮ್ಮನನ್ನು ಮಣ್ಣು ಮಾಡಿ ಬರುವಾಗ ನೀನು ನನ್ನ ಹತ್ತಿರ ಹೇಳಿದೆಯಲ್ಲ — ಕೊನೆಯ ದಿನಗಳಲ್ಲಿಯೂ ಅಮ್ಮ ಬೆರಳು ಮಡಿಸಿ ಮೊಂತಿ ಹಬ್ಬಗಳನ್ನು ಎಣಿಸುತ್ತಿದ್ದರು, ಪ್ರತಿಸಲ ಹನ್ನೊಂದೇ ಬರುತ್ತಿತ್ತು, ಎಲ್ಲಿ ತಪ್ಪುತ್ತಿದ್ದೇನೋ ಗೊತ್ತಾಗುದಿಲ್ಲ ಎನ್ನುತ್ತಿದ್ದರು ಎಂದು. ನಾನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡೆ. ಆಗಲೂ ಹೇಳಲಿಲ್ಲ.

ಬಾಯಮ್ಮನ ಆ ಕಾರ್ಡು ಇಷ್ಟು ವರ್ಷ ನನ್ನ ಪೆಟ್ಟಿಗೆಯಲ್ಲಿತ್ತು. ಈ ಕಾಗದದ ಜೊತೆ ಅದನ್ನೂ ತರುತ್ತೇನೆ, ನಾನೇ ನಿನ್ನ ಕೈಗೆ ಕೊಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಏನು ಅಂದರೂ ನಿಂತು ಕೇಳುತ್ತೇನೆ. ಆಮೇಲೆ ಇಗರ್ಜಿಯ ಹಿಂದೆ ನಿನ್ನ ಅಮ್ಮ ಮಲಗಿರುವಲ್ಲಿಗೆ ಹೋಗಿ ಒಂದೇ ಮಾತು ಹೇಳಿ ಬರಬೇಕು: ಲೆಕ್ಕ ತಪ್ಪಿರಲಿಲ್ಲ ಬಾಯಮ್ಮ. ಹನ್ನೊಂದೇ.