ಕೈಗೆಟುಕದ ಕ್ಲಾರಿನೆಟ್

ಬೆಳಗಿನ ಐದೂಮುಕ್ಕಾಲು. ಕಾಲೇಜಿನ ಹಿಂಬದಿಯ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಹೊಗೆ ಹೀರುವ ಗಾಜಿನ ಗೂಡಿನೊಳಗೆ ಎರಡು ನೀಲಿ ಕೈಗವಸುಗಳು, ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಷ್ಟು ನಿಧಾನವಾಗಿ ಓಡಾಡುತ್ತಿವೆ. ಪ್ಲಾಸ್ಟಿಕ್ ಚಮಚದಿಂದ ಹಸಿರು ಹರಳು ಒಂದೊಂದಾಗಿ ತಕ್ಕಡಿಗೆ ಇಳಿಯುತ್ತದೆ. ಇಪ್ಪತ್ತಾರು ಪಾಯಿಂಟ್ ಮೂರು ಗ್ರಾಂ ಬಂದ ತಕ್ಷಣ ಚಮಚ ನಿಲ್ಲುತ್ತದೆ.

"ನೋಡೋಕೆ ಬಣ್ಣ ಹಾಕಿದ ಕಲ್ಲುಸಕ್ಕರೆ ಇದ್ದಂಗಿದೆ ಅಲ್ವಾ? ವಾಸನೆ ಇಲ್ಲ, ಉರಿ ಇಲ್ಲ, ನೀರಿಗೆ ಹಾಕಿದ್ರೆ ಸುಮ್ಮನೆ ಕರಗುತ್ತೆ. ಇಷ್ಟು ಸಭ್ಯ ಆಸಾಮಿ ಇನ್ನೊಬ್ಬ ಇಲ್ಲ. ಅದಕ್ಕೇ ಇವನನ್ನ ನಂಬಬಾರದು," ಎನ್ನುತ್ತಾರೆ ಲ್ಯಾಬ್ ಸಹಾಯಕರು. ಇವರು ಹೇಳುತ್ತಿರುವ ಸಭ್ಯ ಆಸಾಮಿಯ ಹೆಸರು ನಿಕ್ಕಲ್ ಸಲ್ಫೇಟ್. ಇಪ್ಪತ್ತೊಂಬತ್ತು ವರ್ಷ ಅದರ ಜೊತೆ ಸಂಸಾರ ಮಾಡಿದ್ದಕ್ಕೆ ವಿದ್ಯಾರ್ಥಿಗಳು ಇವರಿಗೆ ಇಟ್ಟ ಹೆಸರು ಹಸಿರಣ್ಣ.

ತೊಂಬತ್ತು ವಿದ್ಯಾರ್ಥಿಗಳು ಒಂಬತ್ತು ಗಂಟೆಗೆ ಆಕಳಿಸುತ್ತಾ ಬರುವ ಹೊತ್ತಿಗೆ ನಾಲ್ಕು ಲೀಟರ್ ದ್ರಾವಣ ಸಿದ್ಧವಾಗಿರಬೇಕು. ಅಷ್ಟರೊಳಗೆ ಹಸಿರಣ್ಣ ಮೂರು ಜೊತೆ ಕೈಗವಸು ಬದಲಿಸಿರುತ್ತಾರೆ, ಐದು ಸಲ ಸೋಪು ಹಚ್ಚಿರುತ್ತಾರೆ. ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳುವವರು ಕಾಲೇಜಿನ ಆಡಳಿತ ಕಚೇರಿಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಜವಾಬ್ದಾರಿಗಾಗಿ ಕೈ ತೊಳೆಯುವವರು ಇವರೊಬ್ಬರೇ.

ಮೇಜಿನ ಮೇಲೆ ಪುಡಿ ಬಿದ್ದರೆ ಪೊರಕೆ ಮುಟ್ಟುವಂತಿಲ್ಲ. "ಗುಡಿಸಿದ್ರೆ ಧೂಳೇಳುತ್ತೆ, ಧೂಳು ಎದೆಗೆ ಹೋಗುತ್ತೆ. ವರ್ಷಗಟ್ಟಲೆ ಉಸಿರಿಗೆ ಸೇರಿದ್ರೆ ಕ್ಯಾನ್ಸರ್ ತನಕ ಕರ್ಕೊಂಡು ಹೋಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೇನೂ ಬೇರೆ ಇಟ್ಟಿರೋ ರಾಸಾಯನಿಕ ಕಸದ ಡಬ್ಬಿಗೆ." ಉಳಿದ ದ್ರಾವಣ ಸಿಂಕಿಗಲ್ಲ, ಮೂಲೆಯ ಹಳದಿ ಚೀಟಿಯ ಕ್ಯಾನಿಗೆ. ಹೋದ ವಾರ ಸಿಂಕಿನತ್ತ ಬೀಕರ್ ಬಗ್ಗಿಸಿದ ಒಬ್ಬಳಿಗೆ ಹಸಿರಣ್ಣ ಕೇಳಿದ್ದು ಇಷ್ಟೇ: "ಏನಮ್ಮಾ, ಹೊಳೆಯಲ್ಲಿರೋ ಮೀನುಗಳು ನಿನಗೇನಾದ್ರೂ ಬೈದಿದ್ವಾ?"

ಇಷ್ಟೆಲ್ಲ ಎಚ್ಚರದ ಮನುಷ್ಯನ ಕೈಯನ್ನೊಮ್ಮೆ ನೋಡಬೇಕು. ಬೆರಳ ಸಂದುಗಳಲ್ಲಿ ಹಳೆಯ ಬಿರುಕುಗಳ ಗುರುತು, ಮಣಿಕಟ್ಟಿನ ಸುತ್ತ ದಪ್ಪಗಾದ ಚರ್ಮ. ಕೈಗೆ ಕೆಲಸ ಸಿಕ್ಕಿದ ಏಳನೇ ವರ್ಷಕ್ಕೆ ಕೆಲಸವೇ ಕೈ ಕೊಟ್ಟಿತು.

ತಪ್ಪು ಸಣ್ಣದು, ಮೇಲಾಗಿ ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಆಗ ಲ್ಯಾಬಿಗೆ ತಿಂಗಳಿಗೊಂದೇ ಪೆಟ್ಟಿಗೆ ಕೈಗವಸು ಬರುತ್ತಿತ್ತು. ಹಸಿರಣ್ಣ ಒಂದು ಉಪಾಯ ಕಂಡುಕೊಂಡರು. ಇವತ್ತು ಹಾಕಿದ್ದನ್ನು ನಾಳೆ ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಹಾಕಿಕೊಳ್ಳುವುದು. ವಿಭಾಗದ ಮುಖ್ಯಸ್ಥರು ಬೆನ್ನು ತಟ್ಟಿದರು, ಸಭೆಯಲ್ಲಿ ಹೊಗಳಿದರು. ಹೊರಗೆ ಅಂಟಿದ ನಿಕ್ಕಲ್ಲು ಮರುದಿನ ಒಳಗೆ ಬಂದು, ಬೆವರಲ್ಲಿ ಕರಗಿ, ಇಡೀ ದಿನ ಚರ್ಮದ ಜೊತೆ ಹರಟೆ ಹೊಡೆಯುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. "ಮಿತವ್ಯಯಕ್ಕೆ ಸಿಕ್ಕ ಬಹುಮಾನ ಇದು," ಎಂದು ಅಂಗೈ ತಿರುಗಿಸಿ ತೋರಿಸುತ್ತಾರೆ. "ಡಾಕ್ಟ್ರು ಹೇಳಿದ್ರು, ಇದು ಅಲರ್ಜಿ, ನಿಮ್ಮ ಮೈಗೆ ನಿಕ್ಕಲ್ಲಿನ ಗುರುತು ಸಿಕ್ಕಿಬಿಟ್ಟಿದೆ, ಇನ್ನು ಸಾಯೋ ತನಕ ಮರೆಯಲ್ಲ ಅಂತ. ಮುಲಾಮು ಇದೆ, ವಾಸಿ ಅನ್ನೋದಿಲ್ಲ."

ಅಲ್ಲಿಂದಾಚೆ ನಿಕ್ಕಲ್ ಇರುವ ಯಾವ ಲೋಹವೂ ಮೈಗೆ ತಾಗುವಂತಿಲ್ಲ. ಮನೆಯಲ್ಲಿ ಬೀಗದ ಕೈಗೂ ಬಟ್ಟೆಯ ಅಂಗಿ. ಪ್ಯಾಂಟಿಗೆ ಪ್ಲಾಸ್ಟಿಕ್ ಗುಂಡಿ, ಕೈಗಡಿಯಾರ ಮೇಜಿನ ಮೇಲೆ. ಇದೆಲ್ಲ ಹೋಗಲಿ ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದ್ದು ಬೀರುವಿನ ಮೇಲಿನ ಕಪ್ಪು ಪೆಟ್ಟಿಗೆಯಲ್ಲಿದೆ. ಅದರೊಳಗಿರುವುದು ಒಂದು ಕ್ಲಾರಿನೆಟ್. ಮರದ ಕೊಳವೆಯ ಮೇಲೆ ಬೆರಳಲ್ಲಿ ಒತ್ತುವ ಹದಿನೇಳು ಕೀಲಿ, ರಂಧ್ರಗಳ ಸುತ್ತ ಆರು ಬಳೆ. ಬೆರಳು ಎಲ್ಲಿಟ್ಟರೂ ನಿಕ್ಕಲ್ ಲೇಪ.

ಮದುವೆಗೆ ಮುಂಚಿನಿಂದ ಹಸಿರಣ್ಣ ಉದ್ಯಾನದ ವಾದ್ಯತಂಡದಲ್ಲಿ ಭಾನುವಾರ ಸಂಜೆ ಊದುತ್ತಿದ್ದರು. ಕೈ ಕೆಟ್ಟ ಮೇಲೂ ಒಂದು ಸಲ, ತಂಡದ ಮೇಷ್ಟ್ರು ನಿವೃತ್ತರಾದ ದಿನ, ತಡೆಯಲಾರದೆ ಕಾಲು ಗಂಟೆ ಊದಿದರು. ಎರಡು ದಿನಕ್ಕೆ ಬೆರಳು ಬಿರಿದು, ಮೂರು ವಾರ ಲ್ಯಾಬಿಗೆ ಕಾಲಿಡುವಂತಿರಲಿಲ್ಲ. ಬಿರಿದ ಕೈಗೆ ಲ್ಯಾಬಿನಲ್ಲಿ ಪ್ರವೇಶವಿಲ್ಲ, ಅದು ನಿಯಮ. ಇನ್ನೊಂದು ಸಲ ಹೀಗಾದರೆ ಕಡಿಮೆ ಸಂಬಳಕ್ಕೆ ಗುಮಾಸ್ತರ ಕೋಣೆಗೆ ಕಳಿಸುತ್ತೇವೆ ಎಂದರು ಆಡಳಿತದವರು. ಕೆಲಸವೋ ಕ್ಲಾರಿನೆಟ್ಟೋ ಎಂಬ ಪ್ರಶ್ನೆಗೆ ಮನೆಯ ಬಾಡಿಗೆ ಉತ್ತರ ಕೊಟ್ಟಿತು. ಅದಾಗಿ ಇಪ್ಪತ್ತೆರಡು ವರ್ಷ.

ಕೈಗವಸು ಹಾಕಿಕೊಂಡು ಊದಬಾರದೇ? "ಪ್ರಯತ್ನ ಮಾಡಿದೀನಿ. ರಂಧ್ರ ಮುಚ್ಚಿತೋ ಇಲ್ವೋ ಬೆರಳಿಗೆ ಗೊತ್ತಾಗಲ್ಲ. ಜ್ವರ ಬಂದ ಬಾತುಕೋಳಿ ಕೂಗಿದಂಗೆ ಆಯ್ತು, ಪಕ್ಕದ ಮನೆಯವರು ವಿಚಾರಿಸ್ಕೊಂಡು ಹೋದ್ರು."

ಆದರೂ ಪ್ರತಿ ತಿಂಗಳು ಮೊದಲ ಭಾನುವಾರ ಪೆಟ್ಟಿಗೆ ಇಳಿಯುತ್ತದೆ. ಹೆಂಡತಿ ಭಾಗಗಳು ಸೇರುವ ಕಡೆಯ ಕಾರ್ಕಿಗೆ ಎಣ್ಣೆ ಸವರಿ, ಜೋಡಿಸಿ, ಮಡಿಲಲ್ಲಿ ಹಿಡಿದು ಕೂರುತ್ತಾರೆ. ಹಸಿರಣ್ಣ ಲ್ಯಾಬಿನ ಪರೀಕ್ಷೆಯ ದ್ರಾವಣದಲ್ಲಿ ಹತ್ತಿ ಅದ್ದಿ ಒಂದೊಂದೇ ಕೀಲಿ ಉಜ್ಜುತ್ತಾರೆ. ಹತ್ತಿ ಗುಲಾಬಿಯಾದರೆ ಲೋಹ ನಿಕ್ಕಲ್ ಬಿಡುತ್ತಿದೆ ಎಂದರ್ಥ. ಬೆಳ್ಳಗೇ ಉಳಿದರೆ ಮುಟ್ಟಬಹುದು. ಕೀಲಿಗಳಿಗೆ ಉಗುರುಬಣ್ಣ ಬಳಿದು ನೋಡಿದರು, ವಾರ್ನಿಷ್ ಬಳಿದು ನೋಡಿದರು. ಗುಲಾಬಿ, ಗುಲಾಬಿ, ಗುಲಾಬಿ. "ಮದುವೆ ಆದಾಗ ಊದ್ತಿದ್ರು," ಎನ್ನುತ್ತಾರೆ ಹೆಂಡತಿ. "ಈಗ ಬರೀ ಒರೆಸ್ತಾರೆ. ಈ ಮನೆಯಲ್ಲಿ ಅವರು ಒರೆಸೋ ಸಾಮಾನು ಇದೊಂದೇ."

ಈ ತಿಂಗಳು ಮಾತ್ರ ಲೆಕ್ಕ ಬೇರೆ. ಲ್ಯಾಬಿನಲ್ಲಿ ಹಿಂದೊಮ್ಮೆ ಇವರಿಂದ ಬೈಸಿಕೊಂಡೇ ಕೈಗವಸು ಹಾಕಲು ಕಲಿತ ಹಳೆಯ ವಿದ್ಯಾರ್ಥಿಯೊಬ್ಬ ಈಗ ಲೋಹಕ್ಕೆ ಲೇಪ ಹಾಕುವ ಕಾರ್ಖಾನೆ ಇಟ್ಟಿದ್ದಾನೆ. ಕ್ಲಾರಿನೆಟ್ಟನ್ನು ಒಯ್ದು, ಎಲ್ಲದಕ್ಕೂ ದಪ್ಪ ಬೆಳ್ಳಿ ಲೇಪ ಹಾಕಿಸಿ, ಶನಿವಾರ ತಂದುಕೊಟ್ಟಿದ್ದಾನೆ.

ಭಾನುವಾರ ಹತ್ತು ಗಂಟೆ. ಕಿಟಕಿ ಪಕ್ಕದ ಮೇಜಿನ ಮೇಲೆ ಇಪ್ಪತ್ಮೂರು ಹತ್ತಿಯ ಉಂಡೆ. ಮೊದಲ ಬಳೆ, ಬಿಳಿ. ಎರಡನೆಯದು, ಬಿಳಿ. ಹತ್ತು ದಾಟಿದ ಮೇಲೆ ಹೆಂಡತಿ ಬಾಯಿಬಿಟ್ಟು ಎಣಿಸತೊಡಗುತ್ತಾರೆ. ಇಪ್ಪತ್ತೆರಡೂ ಬಿಳಿ. ಕೊನೆಯದು, ಎಡಗೈ ಹೆಬ್ಬೆರಳಿನ ಕೀಲಿ. ಹತ್ತಿಯ ಅಂಚಿನಲ್ಲಿ ಸಣ್ಣಗೆ ಗುಲಾಬಿ ಮೂಡುತ್ತದೆ.

ಹಸಿರಣ್ಣ ಹೊಸದೊಂದು ಉಂಡೆ ಮಾಡಿ ಉಜ್ಜುತ್ತಾರೆ. ಮತ್ತೆ ಗುಲಾಬಿ.

"ಯಾವ ಕೀಲಿ ಅದು?" ಹೆಂಡತಿ ಕೇಳುತ್ತಾರೆ.

"ಮೇಲಿನ ಸ್ಥಾಯಿದು. ಅದನ್ನ ಒತ್ತದೆ ಸ್ವರ ಮೇಲೆ ಹತ್ತಲ್ಲ."

"ಕೆಳಗಿನದು?"

"ಕೆಳಗಿನದೆಲ್ಲ ಬರುತ್ತೆ."

"ಮತ್ತೆ ಮುಖ ಯಾಕ್ರೀ ಹಂಗೆ? ಬನ್ನಿ, ಆ ಒಂದನ್ನ ಒತ್ತೋಕೂ ಆಗದಂಗೆ, ಹೆಬ್ಬೆರಳೂ ತಾಗದಂಗೆ ಪಟ್ಟಿ ಸುತ್ತಿ ಕಟ್ಟಿ ಕೊಡ್ತೀನಿ."

ಮೊದಲ ಉಸಿರಿಗೆ ಕ್ಲಾರಿನೆಟ್ ಕೀರಲು ಧ್ವನಿಯಲ್ಲಿ ಕಿರುಚುತ್ತದೆ, ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಎರಡನೆಯದಕ್ಕೆ ಕೋಣೆ ತುಂಬುವ ದಪ್ಪ, ಬೆಚ್ಚಗಿನ ನಾದ. ಹಾಡು ಮೇಲೇರುವ ಕಡೆ ಹಸಿರಣ್ಣ ತುಟಿ ತೆಗೆದು ಆ ಸಾಲನ್ನು ಸಿಳ್ಳೆಯಲ್ಲಿ ಮುಗಿಸುತ್ತಾರೆ, ಕೆಳಗಿಳಿದಾಗ ಮತ್ತೆ ಊದುತ್ತಾರೆ. ಸಿಳ್ಳೆ ಹಾಕುವಾಗ ಪಟ್ಟಿ ಸುತ್ತಿದ ಕೀಲಿಯ ಮೇಲೆ ಹೆಬ್ಬೆರಳು ಗಾಳಿಯಲ್ಲೇ ಆಡುತ್ತಿರುತ್ತದೆ.

ಬುಧವಾರ ಬೆಳಿಗ್ಗೆ, ಕೈಗವಸಿಗೆ ಮುಂಚೆ, ಅವರು ಎರಡೂ ಕೈಗಳನ್ನು ದೀಪದ ಕೆಳಗೆ ಹಿಡಿಯುತ್ತಾರೆ. ಮೂರು ದಿನವಾಗಿದೆ. ಗುಳ್ಳೆ ಇಲ್ಲ, ಹೊಸ ಬಿರುಕಿಲ್ಲ.

"ಹೆಬ್ಬೆರಳಿನ ಕೀಲಿಗೆ ಇನ್ನೊಂದು ಲೇಪ ಹಾಕ್ತೀನಿ ಅಂದಿದ್ದಾನೆ ಹುಡುಗ. ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ," ಎನ್ನುತ್ತಾರೆ. "ಉದ್ಯಾನದ ತಂಡದಲ್ಲಿ ಒಂದು ಕುರ್ಚಿ ಕೇಳೋಣ ಅಂತಿದೀನಿ. ಮುಂದಿನ ಸಾಲು ಬೇಡ. ಮೇಲಿನ ಸ್ಥಾಯಿ ಊದೋರು ಬೇಕಾದಷ್ಟು ಜನ ಇರ್ತಾರೆ. ಕೆಳಗಿನದನ್ನ ಹಿಡ್ಕೊಂಡು ಕೂರೋಕೂ ಒಬ್ಬ ಬೇಕಾಗ್ತಾನಲ್ವಾ?"